ಹದಿನೇಳನೇ ಹೋರಿ

“ಏಳಿಸೋ ಅಂದ್ರೆ ಪಕ್ಕದಲ್ಲಿ ಕೂತು ಮೈ ಸವರ್ತಿದೀಯಾ? ಅದೇನು ನಿನ್ನ ತಮ್ಮನೇನೋ?” ಎಂದು ಡಾಕ್ಟರ್ ಸುಧೀಂದ್ರ ಬೈದಾಗ ಪುಟ್ಟಸ್ವಾಮಿ ಹದಿನೇಳನೇ ನಂಬರಿನ ಹೋರಿಯ ಗೊರಸು ನೋಡುತ್ತಿದ್ದ. ಗೊರಸು ಬಿರಿದು ರಕ್ತ ಒಸರುತ್ತಿತ್ತು.

ಹ್ಯೂಸ್ಟನ್ನಿಗೆ ಉತ್ತರದ ಮೆಕಿನ್ನಿ ಊರಿನ ಆಚೆಯ ಬಯಲಿನಲ್ಲಿದ್ದ ಆ ಕೊಟ್ಟಿಗೆಗೆ ಸಂಶೋಧನಾ ಕೇಂದ್ರವೆಂದು ಹೆಸರು. ಪಶುವೈದ್ಯಕೀಯ ಓದಿದ್ದ ಪುಟ್ಟಸ್ವಾಮಿ ವೀಸಾದ ಕಾಗದದಲ್ಲಿ ಸಂಶೋಧನಾ ಸಹಾಯಕ. ಕೈಯಲ್ಲಿದ್ದದ್ದು ಸಗಣಿ ಬಾಚುವ ಸಲಿಕೆ. ಮಾಂಸದ ವಾಸನೆಗೇ ಮೂಗು ಮುಚ್ಚಿಕೊಳ್ಳುವ ಡಾಕ್ಟರು ಮಾಂಸ ಬೆಳೆಸುವ ಪುಡಿ ಕಂಡುಹಿಡಿದಿದ್ದರು. ಮೇವಿಗೆ ಬೆರೆಸಿದರೆ ತಿಂದದ್ದು ಕೊಬ್ಬಾಗದೆ ಸ್ನಾಯುವಾಗುತ್ತಿತ್ತು. ತಿಂಗಳೊಳಗೆ ಹೋರಿಗಳ ತೊಡೆ ಕಲ್ಲಿನಂತಾದವು. ಎದೆ ಮಾತ್ರ, ನಿಂತಲ್ಲೇ ಓಡುತ್ತಿರುವಂತೆ ಬಡಿದುಕೊಳ್ಳುತ್ತಿತ್ತು. ಆಗಸ್ಟಿನ ಬಿಸಿಲಿಗೆ ಒಂದೊಂದೇ ಕುಂಟತೊಡಗಿದವು. ಪುಟ್ಟಸ್ವಾಮಿ ದಿನಚರಿಯಲ್ಲಿ ಹಾಗೆಂದು ಬರೆದರೆ ಡಾಕ್ಟರು ಹೊಡೆದುಹಾಕಿ, ಸೆಕೆ ಎಂದು ತಿದ್ದುತ್ತಿದ್ದರು. ಮಾಸ್ಕಿಲ್ಲದೆ ಪುಡಿ ಕಲಸಿ ತನ್ನ ಕೈಯೂ ನಡುಗುತ್ತಿದೆಯೆಂದಾಗ, ನಿಮ್ಮ ಕೇರಿಯವರಿಗೆ ಅದು ಹೆಂಡದ ನಡುಕ ಎಂದು ನಕ್ಕಿದ್ದರು. ಹೆಂಡ ಮುಟ್ಟದ ಪುಟ್ಟಸ್ವಾಮಿ, ಕೆಲಸ ಹೋದರೆ ವೀಸಾವೂ ಹೋಗುತ್ತದೆಂದು ಮತ್ತೆ ಪುಡಿ ಕಲಸಿದ್ದ.

ಆ ದಿನ ಹೊತ್ತೇರುವಷ್ಟರಲ್ಲಿ ಪುಡಿ ಕೊಳ್ಳಲಿದ್ದ ಕಂಪನಿಯವರು ಹ್ಯೂಸ್ಟನ್ನಿನಿಂದ ಬಂದರು. ಒಬ್ಬ ಗಂಡಸು, ಒಬ್ಬ ಹೆಂಗಸು. ಡಾಕ್ಟರು ಹೋರಿಗಳ ತೊಡೆ ತೋರಿಸುತ್ತ, ತಾವೇ ಹೆತ್ತವರಂತೆ ಬೀಗಿದರು. ಒಂದು ಏಕೆ ಮಲಗಿದೆಯೆಂದು ಹೆಂಗಸು ಕೇಳಿದಳು. ವಿಶ್ರಾಂತಿ ಎಂದರು ಡಾಕ್ಟರು. ಆಮೇಲೆ ಮುಖದ ನಗು ಕೆಡಿಸಿಕೊಳ್ಳದೆ ಕನ್ನಡಕ್ಕೆ ತಿರುಗಿದರು:

“ಕರೆಂಟ್ ಕೋಲು ತಗೊಂಡು ತಿವಿಯೋ, ಹೊಲೆಯ ನನ್ಮಗನೆ. ಸತ್ತ ದನ ಸುಲಿದು ತಿಂದೋರಿಗೆ ಬದುಕಿರೋದರ ಮೇಲೆ ಏನೋ ಕನಿಕರ?”

ಪುಟ್ಟಸ್ವಾಮಿ ಕೋಲು ತಂದ. ಹೋರಿ ತಲೆಯೆತ್ತಿ ಅವನನ್ನು ನೋಡಿತು. ಏಳಲು ಹವಣಿಸಿ, ಸೆಟೆದ ಕಾಲು ಮಡಿಚಲಾರದೆ ಮತ್ತೆ ಒರಗಿತು. ಅವನು ಕೋಲನ್ನು ಸಗಣಿಗುಂಡಿಗೆ ಎಸೆದ.

“ತಿವಿಯಕಿಲ್ಲ ಕಣ್ರೀ. ಅದೇನ್ ಕಿತ್ಕೊತೀರೋ ಕಿತ್ಕೊಳಿ.”

ಡಾಕ್ಟರೂ ಅವನೂ ಏನಂದರೆಂದು ಹೆಂಗಸು ಕೇಳಿದಳು. ಪುಟ್ಟಸ್ವಾಮಿ ಇಂಗ್ಲಿಷಿನಲ್ಲಿ ಗೊರಸಿನ ವಿಷಯ, ಎದೆಬಡಿತದ ವಿಷಯ, ದಿನಚರಿ ತಿದ್ದಿದ ವಿಷಯ ಎಲ್ಲವನ್ನೂ ಹೇಳಿದ. ಆಮೇಲೆ ಡಾಕ್ಟರ ಮಾತನ್ನೂ ಏನೊಂದೂ ಬಿಡದೆ ತಿಳಿಸಿದ. ಒಂದು ಪದಕ್ಕೆ ಇಂಗ್ಲಿಷ್ ಸಿಗಲಿಲ್ಲ. ಅದನ್ನು ಕನ್ನಡದಲ್ಲೇ ಹೇಳಿ, ಅದು ನನ್ನ ಜಾತಿ ಎಂದ.

ಆಕೆ ಟಿಪ್ಪಣಿ ಪುಸ್ತಕ ತೆರೆದು, ಆ ಪದವನ್ನು ಹೇಗೆ ಬರೆಯುವುದೆಂದು ಕೇಳಿದಳು. ಇದೆಲ್ಲ ಭಾಷೆಯ ತೊಡಕೆಂದು ಡಾಕ್ಟರು ನಡುವೆ ಬಾಯಿಹಾಕಿದರು. ಪುಟ್ಟಸ್ವಾಮಿ ಅವರತ್ತ ತಿರುಗದೆ, ಒಂದೊಂದೇ ಅಕ್ಷರ ಬಿಡಿಸಿ ಬರೆಸಿದ.