ಗೈಬುಸಾಬನ ಬೊಟ್ಟು

ಸಿಂದಗಿಯ ಬಸ್ ಸ್ಟ್ಯಾಂಡಿನ ಎದುರಿಗೆ, ಗೊಬ್ಬರದಂಗಡಿಯ ಮಾಳಿಗೆಯ ಮೇಲೆ ‘ನೂರ್ ಗ್ರಾಫಿಕ್ಸ್’ ಎಂಬ ಬೋರ್ಡಿದೆ. ಕೆಳಗೆ ನಿಂತು ನೋಡಿದವರು ಅಲ್ಲಿ ಮದುವೆ ಪತ್ರಿಕೆ ಅಚ್ಚು ಹಾಕುತ್ತಾರೆಂದೇ ತಿಳಿಯುತ್ತಾರೆ. ಹತ್ತಿ ಹೋದರೆ ಏಳೆಂಟು ಮಂದಿ ಕಂಪ್ಯೂಟರಿನ ಮುಂದೆ ಕೂತು ಸಿನಿಮಾ ಹೀರೋನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಅಳಿಸುತ್ತಿರುತ್ತಾರೆ. ತೆರೆಯ ಮೇಲೆ ಆತ ಗಾಳಿಯಲ್ಲಿ ಹಾರಿ ಹತ್ತು ಜನರನ್ನು ಒದೆಯುತ್ತಾನಲ್ಲ, ಆ ಹಾರಾಟದ ಅರ್ಧ ಪುಣ್ಯ ಸಿಂದಗಿಗೆ ಸೇರಬೇಕು. ಇಲ್ಲಿಯವರೆಗೆ ಸೇರಿಲ್ಲ ಎನ್ನುವುದೇ ಸ್ಟುಡಿಯೋ ನಡೆಸುವ ಮುಬಿನಳ ಸಂಕಟ.

ಸ್ಟುಡಿಯೋ ಹುಟ್ಟಿದ್ದು ಸಿನಿಮಾಕ್ಕಾಗಿ ಅಲ್ಲ, ಒಬ್ಬ ಕಾಕಾನಿಗಾಗಿ. ಮುಬಿನಳ ಅಪ್ಪ ಗೈಬುಸಾಬ ಆಗ ‘ನೂರ್ ವಿಡಿಯೋ’ ಇಟ್ಟುಕೊಂಡು ದೇವರ ಹಿಪ್ಪರಗಿಯಿಂದ ನಾಲತವಾಡದ ತನಕ ಮದುವೆ ಶೂಟಿಂಗಿಗೆ ಹೋಗುತ್ತಿದ್ದ. ಶೂಟಿಂಗ್ ಯಾರಾದರೂ ಮಾಡಬಹುದು, ಮಿಕ್ಸಿಂಗ್ ಮಾತ್ರ ಗೈಬುಸಾಬನೇ ಮಾಡಬೇಕು ಎಂದು ಜನ ಹೇಳುತ್ತಿದ್ದರು. ಎರೆಹೊಲದ ನಡುವಿನ ಹಂದರದ ಮೇಲೆ ಆತ ಹಿಮ ಬೀಳಿಸುತ್ತಿದ್ದ. ಬಿಸಿಲಿಗೆ ಬೆವರಿದ ಮದುಮಗಳನ್ನು ಚಂದ್ರನೊಳಗೆ ಕೂರಿಸುತ್ತಿದ್ದ. ಹೀಗಿರುವಾಗ ಮೋರಟಗಿಯ ರಾವಸಾಬ ಎಂಬವರು ಮಗಳ ಮದುವೆಯ ಸಿಡಿ ಹಿಡಿದುಕೊಂಡು ಬಂದರು.

“ಗೈಬುಸಾಬ, ಇದರಾಗಿಂದ ನಮ್ಮ ಕಾಕಾನ ತಗೀಬೇಕು ನೋಡಪಾ. ಹೊಲದ ಸಲುವಾಗಿ ಜಗಳಾ ಆಗೇತಿ. ಅವನ ಮಾರಿ ನೋಡಾಕ ಆಗವಲ್ದು.”

ಕಾಕಾ ಅಕ್ಷತೆ ಹಾಕುವಾಗ ಮದುಮಗನ ಪಕ್ಕದಲ್ಲೇ ನಿಂತಿದ್ದ. ಗೈಬುಸಾಬ ಒಂದೊಂದೇ ಚಿತ್ರ ನಿಲ್ಲಿಸಿ, ಕಾಕಾ ನಿಂತ ಜಾಗಕ್ಕೆ ಹಿಂದಿನ ಪರದೆಯ ಬಣ್ಣ ಬಳಿದು ಬಳಿದು ಅವನನ್ನು ಮಾಯ ಮಾಡಿದ. ಮುಂದಿನ ಸುಗ್ಗಿಗೆ ಇಬ್ಬರೂ ರಾಜಿಯಾದರು. ರಾವಸಾಬರು ಮತ್ತೆ ಬಂದು, ಕಾಕಾನನ್ನು ವಾಪಸ್ ಹಾಕಿಕೊಡು ಎಂದು ಕೂತರು. ಆ ವಿದ್ಯೆಗೆ ದೊಡ್ಡ ಊರುಗಳಲ್ಲಿ ದೊಡ್ಡ ಹೆಸರುಗಳಿವೆ ಎಂದು ಗೈಬುಸಾಬನಿಗೆ ಆಗ ಗೊತ್ತಿರಲಿಲ್ಲ, ಗೊತ್ತಾದ ಮೇಲೂ ಆತ ಅದನ್ನು ಕಾಕಾನ ಕೆಲಸವೆಂದೇ ಕರೆದ.

ವಿಜಯಪುರದಲ್ಲಿ ಕಂಪ್ಯೂಟರ್ ಕಲಿತು ಬಂದ ಮುಬಿನ ಆ ಕಾಕಾನ ಕೆಲಸವನ್ನೇ ಧಾರಾವಾಹಿಗಳಿಗೆ ಮಾಡಿಕೊಡತೊಡಗಿದಳು. ಮುದ್ದೇಬಿಹಾಳದ ಸುನಂದಾ, ಇಂಡಿ ತಾಲೂಕಿನ ಸಂಗು ಬಂದು ಸೇರಿದರು. ಕೆಲಸ ಒಂದು ಕಂಪನಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಉರುಳಿ ಉರುಳಿ ಸಿಂದಗಿಗೆ ಬರುತ್ತಿತ್ತು. ಹಾಗೆ ಉರುಳಿ ಬಂದ ಕೆಲಸಕ್ಕೆ ಹೆಸರು ಎಲ್ಲಿಂದ ಬರಬೇಕು? ಅವ್ವ ಜೋಹರಾಬಿ ಟಿವಿಯ ಮುಂದೆ ಕೂತು, “ಇದರಾಗ ನೀ ಏನ ಮಾಡೀದಿ ತೋರಸವಾ” ಎಂದರೆ ಮುಬಿನ ಏನೂ ಇಲ್ಲದ ಒಂದು ಆಕಾಶವನ್ನು ತೋರಿಸಬೇಕಾಗುತ್ತಿತ್ತು. ನಾಚಿಕೆಯಾಗುತ್ತಿತ್ತು ಅವಳಿಗೆ.

ಈ ವರ್ಷ ಬೆಂಗಳೂರಿನ ಕಂಪನಿಯೊಂದು ನೇರವಾಗಿ ಕೆಲಸ ಕೊಟ್ಟಿತು. ಕೋಟೆಯ ಮೇಲಿನ ಕಾಳಗ, ಕುದುರೆಗಳು, ಎಲ್ಲೆಲ್ಲೂ ಹಗ್ಗ. ಕೆಲಸ ಚೊಕ್ಕವಾಗಿದ್ದರೆ ಸಿನಿಮಾದ ಕೊನೆಯಲ್ಲಿ ಸ್ಟುಡಿಯೋದ ಹೆಸರು ಹಾಕುತ್ತೇವೆ ಎಂದು ಕಂಪನಿಯ ಚೇತನಕುಮಾರ ಮಾತು ಕೊಟ್ಟ. ಮುಬಿನ ಆ ಮಾತನ್ನೇ ಹಾಸಿ ಹೊದ್ದು ಮಲಗಿದಳು.

ಶಾಟುಗಳು ಹೋದವು. ವಾರ ಕಳೆದು ವಿಡಿಯೋ ಕಾಲ್ ಬಂತು.

“ಮೇಡಂ, ನೀವು ಕಳಿಸಿದ ಪ್ರತಿ ಶಾಟಿನಲ್ಲೂ ಒಂದೊಂದು ಕಪ್ಪು ಚುಕ್ಕಿ ಇದೆ,” ಎಂದ ಚೇತನಕುಮಾರ. “ಒಂದರಲ್ಲಿ ಕಲ್ಲಿನ ಸಂದಿಯಲ್ಲಿದೆ, ಇನ್ನೊಂದರಲ್ಲಿ ಕುದುರೆ ಕಿವಿಯ ಹತ್ತಿರ. ದೊಡ್ಡ ತೆರೆ ಮೇಲೆ ನಿಂಬೆಹಣ್ಣಿನಷ್ಟು ಕಾಣುತ್ತೆ. ಸಾಫ್ಟ್‌ವೇರ್ ಎಡವಟ್ಟಾದ್ರೆ ಸರಿ ಮಾಡಿಕೊಡಿ. ಯಾರಾದ್ರೂ ಬೇಕಂತಲೇ ಮಾಡಿದ್ರೆ ಹೆಸರು ಹಾಕೋ ಮಾತೇ ಇಲ್ಲ, ನಮ್ಮ ನಿಮ್ಮ ವ್ಯವಹಾರ ಅಲ್ಲಿಗೆ ಮುಗೀತು.”

ಮುಬಿನಳಿಗೆ ತಕ್ಷಣ ಅರ್ಥವಾಯಿತು. ನೂರ್ ಗ್ರಾಫಿಕ್ಸಿನಲ್ಲಿ ಯಾವ ಶಾಟೂ ಅಪ್ಪ ನೋಡದೆ ಹೊರಗೆ ಹೋಗುವುದಿಲ್ಲ. ಅಪ್ಪನ ಕಣ್ಣು ಚುರುಕು ಎಂದು ಕೊನೆಯ ಮೇಜಿನಲ್ಲಿ ಕೂರಿಸಿ, ತಪ್ಪು ಹುಡುಕುವ ಕೆಲಸವನ್ನು ಅವಳೇ ಒಪ್ಪಿಸಿದ್ದಳು. ಆತ ನೋಡಿದ ಮೇಲೆ ಮತ್ತೆ ನೋಡುವ ಪದ್ಧತಿ ಇರಲಿಲ್ಲ.

ಆ ಮೇಜಿನಿಂದ ಅಪ್ಪ ಕೇಳಿಸಿಕೊಳ್ಳುತ್ತಿದ್ದಾನೆಂದು ಗೊತ್ತಿದ್ದೂ ಅವಳು, “ಸಾಫ್ಟ್‌ವೇರಿಂದ ತಪ್ಪರಿ ಸರ್. ಸರಿ ಮಾಡಿ ಕಳಸ್ತೇನಿ,” ಎಂದಳು.

ಫೋನು ಇಟ್ಟು ಅಪ್ಪನ ಹತ್ತಿರ ಹೋದಳು.

“ಅಪ್ಪಾ, ಎಲ್ಲಾದ್ರಾಗೂ ಬೊಟ್ಟು ಇಟ್ಟೀರೇನ್ರಿ?”

“ಎಲ್ಲಾದ್ರಾಗೂ ಇಟ್ಟೇನಿ. ಟಿವಿಯವ್ರಿಗೆ ಕಳಸಿದ್ರಾಗೂ ಇಟ್ಟೇನಿ. ಇಷ್ಟ ವರ್ಷ ಯಾರೂ ಕೇಳಲಿಲ್ಲ.”

“ಇದು ಮದುವಿ ವಿಡಿಯೋ ಅಲ್ರಿ!”

“ಒಂದು ಕಲೆ ಇಲ್ಲದಂಗ ಮಾಡಿ ಊರ ಮುಂದ ಇಟ್ರ ನೆದರ ಆಗ್ತೈತವಾ. ಯಾಸ್ಮಿನಂದು ನಾ ಹಂಗs ಕೊಟ್ಟಿದ್ನಿ.”

ಯಾಸ್ಮಿನ ಮುಬಿನಳ ಅಕ್ಕ. ಗೈಬುಸಾಬ ತನ್ನ ಕೈಚಳಕವನ್ನೆಲ್ಲ ಸುರಿದು ಮಿಕ್ಸಿಂಗ್ ಮಾಡಿದ್ದು ಅವಳ ಮದುವೆಗೆ. ಆ ಸಿಡಿ ಸಿಂದಗಿಯ ಮನೆಮನೆ ತಿರುಗಿತು, ನೋಡಿದವರೆಲ್ಲ ಎಂಥಾ ಚೆಲುವಿ ಎಂದರು. ಮರುವರ್ಷ ಬಾಣಂತನದಲ್ಲಿ ಅವಳು ತೀರಿಕೊಂಡಳು. ಅಂದಿನಿಂದ ಗೈಬುಸಾಬ ಎಲ್ಲ ಮದುಮಕ್ಕಳ ವಿಡಿಯೋದಲ್ಲೂ ದೃಷ್ಟಿ ತಾಗದಿರಲೆಂದು ಕೂಸಿನ ಕೆನ್ನೆಗೆ ಇಡುವಂತೆ ಒಂದು ಕರಿ ಬೊಟ್ಟು ಇಡುತ್ತ ಬಂದ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಈಗ ಆಡಿದ ಮೇಲೆ ಮುಬಿನಳ ಸಿಟ್ಟು ಎಲ್ಲಿ ಇಳಿಯಬೇಕೆಂದು ತಿಳಿಯದೆ ಅಲ್ಲೇ ನಿಂತಿತು.

“ಅಳಸಬೇಕ್ರಿ ಅಪ್ಪಾ. ನಮ್ಮ ಹೆಸರು ಬರೂದು ಹೋಗ್ತೈತಿ.”

“ಅಳಸು,” ಎಂದ ಗೈಬುಸಾಬ. “ಸಾಫ್ಟ್‌ವೇರಿಂದ ತಪ್ಪು ಅಂದಿಯಲ್ಲ, ಅಳಸು.” ಟೊಪ್ಪಿಗೆ ಎತ್ತಿಕೊಂಡು ಮೆಟ್ಟಿಲಿಳಿದ.

ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಅಳಿಸುವ ಕೆಲಸವೇನೂ ಕಷ್ಟವಾಗಲಿಲ್ಲ. ಆತ ತಪ್ಪು ತಿದ್ದಿಸುವ ಮುಂಚಿನ, ಬೊಟ್ಟಿಲ್ಲದ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡರೆ ಕಪ್ಪು ಎದ್ದು ಕಾಣುತ್ತಿತ್ತು. ಆದರೆ ಎಲ್ಲ ಮುಗಿದ ಮೇಲೆ ಕಳಿಸುವವರಿಲ್ಲ. ಸುನಂದಾ ಸಂಗುವಿನ ಮುಖ ನೋಡಿದಳು, ಸಂಗು ಖಾಲಿ ಮೇಜು ನೋಡಿದ.

“ಮಾಮಾ ನೋಡಲಾರ್ದ ಹೆಂಗ ಕಳಸೂದ್ರಿ ಅಕ್ಕಾ?” ಎಂದಳು ಸುನಂದಾ. “ನನಗರೆ ಧೈರ್ಯ ಇಲ್ಲ.”

ಮುಬಿನಳಿಗೂ ಇರಲಿಲ್ಲ. ಮನೆಗೆ ಹೋಗಿ ಅಪ್ಪನ ಮುಂದೆ ನಿಂತಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆಲ್ಲ ಹೊಸ್ತಿಲಲ್ಲೇ ಮರೆತುಹೋಯಿತು. “ನೋಡಾಕ ಬರ್ರಿ ಅಪ್ಪಾ,” ಎಂದಷ್ಟೇ ಅಂದಳು.

ಗೈಬುಸಾಬ ಬಂದ. ಕೋಟೆ, ಕುದುರೆ, ಧೂಳು, ಒಂದೊಂದನ್ನೂ ನೋಡಿದ. ಒಂದು ಕಡೆ ಹಗ್ಗದ ನೆರಳು ಉಳಿದಿತ್ತು, ತೋರಿಸಿದ, ಸಂಗು ಅಳಿಸಿದ. ಹಾಗೆ ನೋಡುವಷ್ಟೂ ಹೊತ್ತು ಗೈಬುಸಾಬ ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಿದ್ದ.

“ಚೊಕ್ಕ ಆಗೇತಿ, ಕಳಸು,” ಎಂದ ಕೊನೆಗೆ. ಆಮೇಲೆ ಮುಬಿನಳನ್ನು ಹತ್ತಿರ ಕರೆದು, ಅಂಗಿಯ ಕಿಸೆಯಿಂದ ಜೋಹರಾಬಿಯ ಕಾಡಿಗೆ ಡಬ್ಬಿ ತೆಗೆದ. ಬೆರಳಿಗೆ ಹಚ್ಚಿಕೊಂಡು ಮಗಳ ಎಡಗೆನ್ನೆಗೆ ಒತ್ತಿದ. “ಚಿತ್ರದಾಗ ಬ್ಯಾಡಂದ್ರ ಬ್ಯಾಡ. ಮಾಡಿದಾಕಿಗೆ ಇಡಾಕ ಯಾರನ್ನ ಕೇಳಬೇಕು?”

ಕೂದಲು ನರೆಯತೊಡಗಿದ ಮುಬಿನ ಕೂಸಿನಂತೆ ಕೆನ್ನೆ ಕೊಟ್ಟು ನಿಂತಳು. ಅಂದಿನಿಂದ ದಿನಾ ಮುಂಜಾನೆ ಅದೊಂದು ನಡೆದುಕೊಂಡು ಬಂತು.

ಮತ್ತೊಂದು ವಾರಕ್ಕೆ ಚೇತನಕುಮಾರ ತೆರೆಯ ಮೇಲೆ ಬಂದ. ಮುಖದಲ್ಲಿ ನಗುವಿತ್ತು.

“ಎಲ್ಲಾ ಪಾಸ್ ಮೇಡಂ. ಒಂದು ಚುಕ್ಕಿಯೂ ಇಲ್ಲ. ಹೆಸರು ಹೇಗೆ ಹಾಕೋಣ ಹೇಳಿ.”

“ನೂರ್ ಗ್ರಾಫಿಕ್ಸ್, ಸಿಂದಗಿ. ಸಿಂದಗಿ ಬಿಡಬ್ಯಾಡ್ರಿ ಸರ್.”

ಆತ ಬರೆದುಕೊಂಡ. ತಲೆ ಎತ್ತಿ, “ನಿಮ್ಮ ಕೆನ್ನೆ ಮೇಲೆ ಏನೋ ಮಸಿ ಆಗಿದೆ, ಒರೆಸ್ಕೊಳ್ಳಿ,” ಎಂದ.

ಮುಬಿನಳ ಕೈ ಕೆನ್ನೆಯ ತನಕ ಹೋಯಿತು. ಕೊನೆಯ ಮೇಜಿನಲ್ಲಿ ಮೌಸಿನ ಸದ್ದು ನಿಂತಿತು. ಅವಳು ಕೈ ಕೆಳಗಿಳಿಸಿದಳು.

“ಮಸಿ ಅಲ್ರಿ ಸರ್, ನೆದರಿಂದ ಬೊಟ್ಟು. ನಮ್ಮಪ್ಪ ಇಟ್ಟಾರ. ನಿಮ್ಮ ಶಾಟಿನಾಗಿದ್ದವನ್ನೂ ಅವರs ಇಟ್ಟಿದ್ರು. ಸಾಫ್ಟ್‌ವೇರ್ ಅಂತ ನಾ ಸುಳ್ಳ ಹೇಳಿದ್ನಿ.”

ಚೇತನಕುಮಾರ ಪೆನ್ನನ್ನು ಮತ್ತೆ ಕೈಗೆತ್ತಿಕೊಂಡ. ಹೆಸರು ಬರೆದ ಹಾಳೆ ಅವನ ಕೈಕೆಳಗೇ ಇತ್ತು.

“ಹೆಸರು ಬೇಕಾದ್ರ ಅಳಸ್ರಿ,” ಎಂದಳು ಮುಬಿನ. “ಇದನ್ನ ಮಾತ್ರ ನಾ ಅಳಸಂಗಿಲ್ಲ.”