ಬಾಲದಕ್ಕನ ಸಾಲು

ಆ ಸಂಸ್ಥೆಯಲ್ಲಿ ಎಲ್ಲರಿಗಿಂತ ದೊಡ್ಡವರು ಎಲ್ಲರಿಗಿಂತ ಹಿಂದೆ ನಡೆಯಬೇಕೆಂಬುದು ಕಟ್ಟಳೆ. ಮಕ್ಕಳನ್ನು ಕಾಡಿಗೆ ಕರೆದೊಯ್ದು ಗಿಡ, ಹುಳು, ಹಳ್ಳ ತೋರಿಸುವ ಸಂಸ್ಥೆ ಅದು. ಕಟ್ಟಿದವರು ದೊಡ್ಡಮ್ಮ. ಮಂಡಿ ಕೈಕೊಟ್ಟ ಮೇಲೆ ಅವರು ಅದನ್ನು ಬಾಲದಕ್ಕನ ಹೆಗಲಿಗೆ ದಾಟಿಸಿದ್ದರು.

ಆ ಹೆಸರಿಟ್ಟವರೂ ಅವರೇ. ಕಾಲೇಜು ಮುಗಿಸಿ, ಹೂಗಳ ಹೆಸರನ್ನೆಲ್ಲ ಗಿಳಿಪಾಠ ಮಾಡಿಕೊಂಡು ಬಂದಿದ್ದ ಹುಡುಗಿಯನ್ನು ಮೊದಲ ದಿನವೇ ತಮ್ಮ ಜಾಗ ಬಿಟ್ಟುಕೊಟ್ಟು ಸಾಲಿನ ಕೊನೆಗೆ ನಿಲ್ಲಿಸಿದ್ದರು.

"ನಾನು ಪಾಠ ಮಾಡೋಕೆ ಬಂದಿದ್ದು, ದೊಡ್ಡಮ್ಮ."

"ಮಾಡೀಯಂತೆ. ಮೊದಲು ಬಾಲ ಆಗು. ಮುಂದಿರೋಳಿಗೆ ದಾರಿ ಕಾಣುತ್ತೆ, ಹಿಂದಿರೋಳಿಗೆ ಮಕ್ಕಳು ಕಾಣ್ತಾರೆ."

ಮೈಯೆಲ್ಲ ಉರಿದಿತ್ತು ಅವಳಿಗೆ. ಸಂಜೆಯ ಹೊತ್ತಿಗೆ ಉರಿ ತಾನಾಗಿ ಇಳಿದಿತ್ತು. ಬಿಚ್ಚಿಹೋದ ಲೇಸು, ಇರುವೆ ಸಾಲಿಗೆ ಕಣ್ಣು ಕೊಟ್ಟು ನಿಂತುಬಿಟ್ಟ ಹುಡುಗಿ, ಹೆದರಿಕೆಯನ್ನು ಹೊಟ್ಟೆನೋವೆಂದು ಹೇಳಿಕೊಂಡ ಪೋರ, ಎಲ್ಲವೂ ಕಂಡದ್ದು ಹಿಂದಿನಿಂದಲೇ. ಮರಳುವಾಗ ಸಾಲು ನಿಂತಲ್ಲೇ ತಿರುಗುತ್ತಿತ್ತು. ಅಷ್ಟು ಹೊತ್ತು ಕೊನೆಗಿದ್ದ ಮಗು ಈಗ ಎಲ್ಲರಿಗಿಂತ ಮುಂದೆ. ಬಾಲದಕ್ಕ ಮಾತ್ರ ಪಕ್ಕಕ್ಕೆ ಸರಿದು ಮತ್ತೆ ಕೊನೆ ಸೇರುತ್ತಿದ್ದಳು. ಹಾಗೆ ನಡೆಯುತ್ತ ನಡೆಯುತ್ತಲೇ ಅವಳ ಕೂದಲು ನರೆತಿತ್ತು.

ಈಗ ಕಾಡೇ ಕೈತಪ್ಪುತ್ತಿತ್ತು. ಒಂದು ಕಂಪನಿ ಅದನ್ನು ಗುತ್ತಿಗೆ ಹಿಡಿದಿತ್ತು. ನೋಡುವವರಿಗೆ ಟಿಕೆಟ್ಟು, ತಂಗುವವರಿಗೆ ಗಾಜಿನ ಕುಟೀರ. ಮರಗಳನ್ನು ಯಾರೂ ಕೇಳಲಿಲ್ಲ. ಮಕ್ಕಳನ್ನು ಕೇಳುವ ರೂಢಿಯಂತೂ ಎಲ್ಲೂ ಇಲ್ಲ. ದಾರಿ ಬಿಡಿ ಎಂದು ಬಾಲದಕ್ಕ ಹತ್ತದ ಮೆಟ್ಟಿಲಿರಲಿಲ್ಲ, 'ನಾಳೆ ಬನ್ನಿ' ಅನ್ನದ ಕುರ್ಚಿಯಿರಲಿಲ್ಲ.

ಸೈಕಲ್ ಅಂಗಡಿಯ ಮೇಲಿನ ಕಚೇರಿಯಲ್ಲಿ, ಕೆಸರು ಒಣಗಿದ ಗಮ್‌ಬೂಟುಗಳ ರಾಶಿಯ ಪಕ್ಕ ಕೂತು ಸಂಸ್ಥೆಯ ಅಧ್ಯಕ್ಷರು ಒಂದು ಉಪಾಯ ಹೇಳಿದ್ದರು. ಅದೇ ಕಂಪನಿ ಊರೊಳಗೆ ಹಾಲ್ ಕಟ್ಟಿಸಿಕೊಡುತ್ತದಂತೆ. ಗೋಡೆ ತುಂಬ ಪರದೆ, ಪರದೆ ತುಂಬ ಕಾಡು, ಕಿವಿಗೆ ಹಕ್ಕಿಯ ದನಿ. ಸಂಸ್ಥೆಯೂ ಉಳಿಯಿತು, ಎಲ್ಲರ ಸಂಬಳವೂ ಉಳಿಯಿತು.

"ಮಳೆ ಇಲ್ಲ, ಜಿಗಣೆ ಇಲ್ಲ, ಕೆಸರಾಯ್ತು ಅಂತ ಅಮ್ಮಂದಿರ ಕಾಟ ಇಲ್ಲ. ಏನಮ್ಮಾ?"

"ಕಾಡು ಕಿತ್ಕೊಂಡೋರೇ ಅದರ ಫೋಟೋ ಕೊಡ್ತಾರಾ ಸಾರ್?"

"ಭಾಷಣ ಬೇಡ. ಕಾಡು ಹೋದ್ಮೇಲೆ ಮಕ್ಕಳನ್ನ ಎಲ್ಲಿ ನಡೆಸ್ತೀಯ? ನನ್ನ ತಲೆ ಮೇಲಾ? ನಾಳೆ ಸಂಜೆಯೊಳಗೆ ಹೂಂ ಅನ್ನು, ಇಲ್ಲ ಉಹೂಂ ಅನ್ನು."

ಅವರ ತಲೆ ನುಣ್ಣಗಿತ್ತು. ಬಾಲದಕ್ಕ ನಗು ತಡೆದುಕೊಂಡು ಮೆಟ್ಟಿಲಿಳಿದಳು.

ಮರುದಿನ ಕಾಡಿಗೆ ಕೊನೆಯ ನಡಿಗೆ. ದೊಡ್ಡಮ್ಮ ಹಟ ಹಿಡಿದು ಕೋಲೂರಿಕೊಂಡು ಬಸ್ಸು ಹತ್ತಿದ್ದರು. ಮಕ್ಕಳು ಇಳಿದು ಸಾಲು ಕಟ್ಟಿದರೆ, ಗೇಟಿಗೆ ಹೊಸ ಬೀಗ.

"ಇವತ್ತಿಂದಲೇ ಬಂದ್, ಮೇಡಂ," ಎಂದ ಕಾವಲುಗಾರ, ಬಾಲದಕ್ಕನ ಮುಖ ನೋಡದೆ.

"ತಿಂಗಳ ಕೊನೇವರೆಗೂ ಬಿಡ್ತೀವಿ ಅಂದಿದ್ರಲ್ಲ?"

"ಅಂದಿದ್ರು."

ಸರಳುಗಳಾಚೆ ಕಾಲುದಾರಿ ಕಾಣುತ್ತಿತ್ತು. ಅದನ್ನು ಯಾರೂ ಕಡಿದು ಮಾಡಿರಲಿಲ್ಲ. ಮಕ್ಕಳ ಪಾದಗಳೇ ಸವೆಸಿ ಮಾಡಿದ ದಾರಿ. ತಿರುವಿನಲ್ಲಿ ಬುತ್ತಿ ಬಂಡೆ. ಅಲ್ಲಿ ಕೂತು ತಿಂದ ಮಕ್ಕಳು ತಮ್ಮ ಮಕ್ಕಳನ್ನೂ ಅಲ್ಲಿಗೇ ಕಳಿಸಿದ್ದರು. ಇಡೀ ಸಾಲು ಬಾಲದಕ್ಕನನ್ನೇ ನೋಡುತ್ತಿತ್ತು.

ಬಸ್ಸಿನ ಕಿಟಕಿಯಿಂದ ದೊಡ್ಡಮ್ಮನ ದನಿ ಬಂತು. "ಏ ಬಾಲ! ನೋಡ್ತಾ ನಿಂತ್ರೆ ಬೀಗ ಏನು ಮರಿ ಹಾಕುತ್ತಾ? ಸಾಲು ತಿರುಗಿಸು!"

"ತಿರುಗಿಸಿ ಎಲ್ಲಿಗೆ, ದೊಡ್ಡಮ್ಮ?"

"ನನ್ನನ್ನೇನು ಕೇಳ್ತೀಯ? ಕೊನೇಲಿರೋ ಮಗೂನ ಕೇಳು."

ಬಾಲದಕ್ಕ ಸೀಟಿ ಊದಿದಳು. ಸಾಲು ತಿರುಗಿತು. ಕೊನೆಗಿದ್ದವಳು ದಪ್ಪ ಕನ್ನಡಕದ ಹುಡುಗಿ, ತರಗತಿಯವರ ಬಾಯಲ್ಲಿ 'ಆಮೆ'.

"ನಾನಾ? ನಂಗೆ ದಾರಿ ಗೊತ್ತಿಲ್ಲ ಅಕ್ಕ."

"ನಂಗೂ ಗೊತ್ತಿಲ್ಲ ಪುಟ್ಟಾ. ನಡಿ."

ಬಂದ ಟಾರು ರಸ್ತೆಯಲ್ಲೇ ಆಮೆ ಹೊರಟಳು. ಇಷ್ಟು ವರ್ಷ ಹಾಡು ಹೇಳುತ್ತ ಬಸ್ಸಿನಲ್ಲಿ ದಾಟಿದ್ದ ರಸ್ತೆ. ಯಾರೂ ಅದನ್ನು ನೋಡಿರಲಿಲ್ಲ. ಒಡೆದ ಪೈಪಿನ ಬಾಯಲ್ಲಿ ನಿಂತ ನೀರಿಗೆ ಆಮೆ ಬಗ್ಗಿದಳು.

"ಅಕ್ಕಾ, ಕಪ್ಪೆ ಮರಿ! ಬಾಲ ಇದೆ ಇವಕ್ಕೆ!"

"ನಮ್ಮಕ್ಕಂಗೂ ಇದೆಯಲ್ಲೇ!" ಎಂದ ಹಿಂದಿನವನು. ಸಾಲಿಗೆ ಸಾಲೇ ನಕ್ಕಿತು.

ಮುಂದೆ ಮೋರಿಯಡಿ ಮಣ್ಣಿನ ಗೂಡುಗಳು. ಅದರಾಚೆ, ಸಿಮೆಂಟು ಗೋಡೆಯನ್ನು ಸೀಳಿಕೊಂಡು ಎದ್ದ ಆಲದ ಸಸಿ. ಅದರೆದುರು ಮಕ್ಕಳು ಬಾಯಿ ತೆರೆದು ನಿಂತರು, ಬಾಲದಕ್ಕನೂ ನಿಂತಳು. ಬೆನ್ನ ಹಿಂದೆ ಬಸ್ಸು ತೆವಳುತ್ತಿತ್ತು. "ಹಾರ್ನ್ ಹೊಡೀಬೇಡಯ್ಯ, ಪಾಠ ನಡೀತಿದೆ," ಎಂದು ದೊಡ್ಡಮ್ಮ ಚಾಲಕನನ್ನು ಗದರುತ್ತಿದ್ದರು.

ಬಾಲದಕ್ಕ ಸಂಜೆಯವರೆಗೆ ಕಾಯಲಿಲ್ಲ. ಅಲ್ಲೇ ನಿಂತು ಅಧ್ಯಕ್ಷರಿಗೆ ಫೋನು ಮಾಡಿದಳು.

"ಉಹೂಂ, ಸಾರ್. ಹಾಲ್ ಬೇಡ."

"ಮತ್ತೆ ನಡಿಗೆ ಎಲ್ಲಮ್ಮಾ?"

"ಕಚೇರಿ ಮೆಟ್ಟಿಲಿಂದ ಶುರು. ಮೋರಿ, ಕಟ್ಟೆ, ಗೋಡೆ, ಎಲ್ಲ ನೋಡ್ತಾ ಈ ಗೇಟಿನವರೆಗೂ ಬರ್ತೀವಿ. ವಾರವಾರಾನೂ ಬರ್ತೀವಿ, ಬೀಗ ತೆಗೆಯೋವರೆಗೂ."

"ಸಂಬಳ ಎಲ್ಲಿಂದ ತರ್ತೀಯ?"

"ಗೊತ್ತಿಲ್ಲ ಸಾರ್."

ಅತ್ತ ಫೋನು ಕುಕ್ಕಿದ ಸದ್ದಾಯಿತು.

ಬಾಲದಕ್ಕ ಒಮ್ಮೆ ತಿರುಗಿ ನೋಡಿದಳು. ಗೇಟು ಬೆಂಕಿಪೊಟ್ಟಣದಷ್ಟಾಗಿತ್ತು. ಕೊನೆಯಲ್ಲಿ ನಡೆಯುವವರಿಗೆ ಒಂದು ಅನುಕೂಲವಿದೆ, ಕಣ್ಣು ತುಂಬಿದರೂ ಯಾರಿಗೂ ಕಾಣುವುದಿಲ್ಲ. ಆದರೆ ಇವತ್ತು ಅವಳ ಹಿಂದೆಯೂ ಒಬ್ಬರಿದ್ದರು.

"ಮೂಗು ಒರೆಸ್ಕೊಳ್ಳೇ ಬಾಲ," ಎಂದಿತು ಕಿಟಕಿ. "ಮಕ್ಕಳು ಮುಂದೆ ಹೋದ್ರು ನೋಡು."

ಬಾಲದಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡು ಸಾಲಿನ ಕೊನೆಗೆ ಓಡಿದಳು.