ದೇವರ ಜಗಲಿಯ ಮೇಲೆ ಕುಳಿತ ಬ್ಯಾಕಪ್

ಬ್ಯಾಕಪ್ ಎಂದರೇನು ಎಂದು ಕೇಳಿದರೆ ಮುದ್ದೇಬಿಹಾಳದ ಸಿದ್ದಾರೂಢ ಈಗ ಒಂದೇ ಮಾತು ಹೇಳುತ್ತಾನೆ: “ಬೇಕಪ್ಪಾ ಅಂದಾಗ ಸಿಗಬೇಕು, ಅದ ಬ್ಯಾಕಪ್ಪು.” ಈ ಜ್ಞಾನ ಅವನಿಗೆ ಹೇಗೆ ಬಂತು ಎಂಬುದೇ ಈ ಕಥೆ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಉಪ್ಪು ಖಾರ ನಾನು ಹಚ್ಚಿಲ್ಲ. ಕುಂಕುಮ ಹಚ್ಚಿದ್ದು ಅವನೇ.

ಸಿದ್ದಾರೂಢನ ತಾಯಿ ಕಸ್ತೂರೆವ್ವ. ಒಂದು ಕಾಲಕ್ಕೆ ಸುತ್ತಿನ ಮದುವೆಗಳಲ್ಲಿ ಕಸ್ತೂರೆವ್ವ ಪದ ಎತ್ತಿ ಹಾಡದೆ ಹೆಂಗಸರು ಅರಿಷಿಣದ ಬಟ್ಟಲು ಮುಟ್ಟುತ್ತಿರಲಿಲ್ಲ. ಬೀಗರನ್ನು ಕಾಡುವ ಪದಗಳನ್ನಂತೂ ಅವಳ ಬಾಯಲ್ಲೇ ಕೇಳಬೇಕು. ಬೈಸಿಕೊಂಡ ಬೀಗರೇ ಇನ್ನೊಂದು ಹಾಡು ಎಂದು ಕೇಳುತ್ತಿದ್ದರು. ಗಂಟಲಿನ ಆಪರೇಷನ್ ಆದ ಮೇಲೆ ಆ ದನಿ ಹೋಯಿತು. ಈಗ ಅವಳದು ಪಿಸುಮಾತು, ಪಕ್ಕದಲ್ಲಿ ಕುಳಿತವರಿಗಷ್ಟೇ ಕೇಳುತ್ತದೆ.

ಆಪರೇಷನ್ನಿಗೆ ಮೊದಲು ಮಗ ಅವಳನ್ನು ಪಡಸಾಲೆಯಲ್ಲಿ ಕೂರಿಸಿ ಎಲ್ಲ ಪದಗಳನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಮನೆಯ ಕಂಪ್ಯೂಟರಿಗೆ ಹಾಕಿದ್ದ. ಆ ಫೋನು ಆಮೇಲೆ ಕೆಟ್ಟುಹೋಯಿತು. ಹಾಗಾಗಿ ಕಸ್ತೂರೆವ್ವನ ದನಿ ಜಗತ್ತಿನಲ್ಲಿ ಉಳಿದದ್ದು ಒಂದೇ ಕಡೆ. ಆ ಕಂಪ್ಯೂಟರಿನಲ್ಲಿ, ‘ಅವ್ವನ ಪದ’ ಎಂಬ ಫೋಲ್ಡರಿನಲ್ಲಿ.

ಒಂದು ದಿನ ಬಸವನ ಬಾಗೇವಾಡಿಯಿಂದ ಅಕ್ಕ ಸುನಂದಾಳ ಫೋನ್ ಬಂತು. ಅವಳ ಮಗಳ ಮದುವೆ ಗೊತ್ತಾಗಿತ್ತು.

“ಸಿದ್ದು, ಅರಿಷಿಣಕ್ಕ ಅವ್ವನ ಪದ ಹಚ್ಚಬೇಕು ನೋಡು. ಡೀಜೆ ಗೀಜೆ ಏನೂ ಬ್ಯಾಡ ನನಗ. ಅವ್ವ ಮುಂದ ಕುಂತಿರಬೇಕು, ಅವ್ವನ ದನಿ ಕೇಳಬೇಕು. ಲಗೂನ ಕಳಸು.”

“ಅದೇನ್ ದೊಡ್ಡ ಮಾತು ಬಿಡಕ್ಕಾ. ಕಂಪ್ಯೂಟರಿನ್ಯಾಗ ಅದಾವು, ಕಳಸ್ತೇನಿ,” ಎಂದ ಸಿದ್ದಾರೂಢ.

ಎಪಿಎಂಸಿಯಲ್ಲಿ ರೈತರ ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿ ನಡೆಸುವ ಅವನಿಗೆ ತೊಗರಿ ಕಾಳು ಕೈಯಲ್ಲಿ ಹಿಡಿದರೆ ಯಾವ ಊರಿನದೆಂದು ಗೊತ್ತಾಗುತ್ತದೆ. ಕಂಪ್ಯೂಟರಿನ ವಿಷಯ ಬೇರೆ. ಅದಕ್ಕೇ ಹೆಂಡತಿ ಜಯಮಾಲಾ ಪಕ್ಕದ ಮನೆಯ ಸುಜಾತಾಳನ್ನು ಕರೆದಳು. ಸುಜಾತಾ ಕಾಲೇಜಿನಲ್ಲಿ ಹೇಳಿಕೊಡುವುದು ಕಂಪ್ಯೂಟರ್ ಪಾಠ. ಆದರೆ ಅವಳು ಹೆಸರಾಗಿರುವುದು ಪ್ರಿನ್ಸಿಪಾಲರಿಂದ ಹಿಡಿದು ಬಸ್ ನಿಲ್ದಾಣದ ಮೈಕಿನ ತನಕ ಎಲ್ಲರ ದನಿ ಅನುಕರಿಸುವುದರಲ್ಲಿ.

ಸುಜಾತಾ ಬಂದು ಕಂಪ್ಯೂಟರ್ ಚಾಲೂ ಮಾಡಿದಳು. ಒಳಗಿಂದ ಕಟಕಟ ಸದ್ದು ಬಂತು.

“ವೈನಿ, ಇದರ ಹೊಟ್ಟ್ಯಾಗ ಯಾರೋ ಅಡಕಿ ಕತ್ತರಸಾಕತ್ತಾರಲ್ಲ!”

“ಭಾಳ ದಿನಾ ಆತವಾ ಹಂಗ ಮಾಡಾಕತ್ತು,” ಎಂದಳು ಜಯಮಾಲಾ. “ಒಮ್ಮೊಮ್ಮಿ ಹಂಗ ನಿಂತ ಬಿಡತೈತಿ.”

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಒಂದು ಸೂಚನೆ ಮೂಡಿತು. ಸುಜಾತಾ ಓದುವ ಮೊದಲೇ ಸಿದ್ದಾರೂಢ ಕೈ ಚಾಚಿ ಅದನ್ನು ಮುಚ್ಚಿಬಿಟ್ಟ.

“ಅದು ದಿನಾ ಬರ್ತೈತಿ ತಂಗಿ. ಯಾವುದೋ ಜಾಹೀರಾತು. ಮೂಲ್ಯಾಗಿನ ಗುಣಾಕಾರ ಒತ್ತಿದ್ರ ಹೋಗ್ತೈತಿ.”

“ಅಣ್ಣಾ, ಅದು ಜಾಹೀರಾತಲ್ರಿ. ‘ಬ್ಯಾಕಪ್ ಡ್ರೈವ್ ಜೋಡಿಸಿರಿ’ ಅಂತ ಕಂಪ್ಯೂಟರ್ ಬೇಡಿಕೊಳ್ಳಾಕತ್ತೈತಿ. ಬ್ಯಾಕಪ್ಪಿನ ಡಿಸ್ಕ್ ಎಲ್ಲೈತ್ರಿ?”

“ದೇವರ ಜಗಲಿ ಮ್ಯಾಲ,” ಎಂದ ಸಿದ್ದಾರೂಢ, ಅಂಗಡಿಗೆ ಬೀಗ ಹಾಕಿ ಬಂದವನ ನಿಶ್ಚಿಂತೆಯಲ್ಲಿ.

ವಿಷಯ ಹೀಗಿತ್ತು. ಆ ಡಿಸ್ಕನ್ನು ಅವನು ಕಂಪ್ಯೂಟರನ್ನೂ ಹೊತ್ತೊಯ್ದು ಇಂಡಿ ಪಟ್ಟಣದ ಒಂದು ಅಂಗಡಿಯಿಂದ ತಂದಿದ್ದ. ಅಂಗಡಿಯವನು ಅದನ್ನು ಕಂಪ್ಯೂಟರಿಗೆ ಜೋಡಿಸಿ, ಕಂಪ್ಯೂಟರಿನೊಳಗೇ ಇರುವ ಬ್ಯಾಕಪ್ ವ್ಯವಸ್ಥೆಯನ್ನು ಚಾಲೂ ಮಾಡಿಕೊಟ್ಟಿದ್ದ. ಮನೆಗೆ ಬಂದವನೇ ಸಿದ್ದಾರೂಢ ಡಿಸ್ಕನ್ನು ಕಿತ್ತು, ವಿಭೂತಿ ಹಚ್ಚಿ, ಕೆಂಪು ವಸ್ತ್ರದಲ್ಲಿ ಸುತ್ತಿ ಜಗಲಿಯ ಮೇಲಿಟ್ಟ. ಅಮಾವಾಸ್ಯೆಗೊಮ್ಮೆ ಅಂಗಡಿಯ ತಕ್ಕಡಿಗೆ, ಬೈಕಿಗೆ ಪೂಜೆ ಮಾಡುವಾಗ ಈ ಡಿಸ್ಕಿಗೂ ಕುಂಕುಮ ಏರಿಸುತ್ತಿದ್ದ. ಪೂಜೆ ಒಂದು ಸಲವೂ ತಪ್ಪಿರಲಿಲ್ಲ. ಮತ್ತೆ ಕಂಪ್ಯೂಟರಿಗೆ ಜೋಡಿಸುವುದು ಮಾತ್ರ ಒಂದು ಸಲವೂ ಆಗಿರಲಿಲ್ಲ.

“ಜಗಲಿ ಮ್ಯಾಲ ಇದ್ದದ್ದು ಎಲ್ಲಿ ಹೋಗ್ತೈತಿ?” ಎಂದ.

“ಡಿಸ್ಕ್ ಎಲ್ಲೂ ಹೋಗಿಲ್ರಿ. ಅದರೊಳಗ ಏನರ ಬಂದೈತೇನು ಅಂತ ಕೇಳಾಕತ್ತೇನಿ.”

“ಕಲತವರದು ಇದ ಹಣೇಬರ. ಎಲ್ಲಾದಕ್ಕೂ ಸಂಶೆ,” ಎನ್ನುವಷ್ಟರಲ್ಲಿ ಅಂಗಡಿಯಿಂದ ಫೋನ್ ಬಂತು. ಮಾತಾಡುತ್ತ ಹೊರಗಿನ ಕಟ್ಟೆಗೆ ಹೋದ.

ಸುಜಾತಾ ಮೊದಲು ಮಾಡಿದ್ದು, ‘ಅವ್ವನ ಪದ’ ಫೋಲ್ಡರನ್ನು ಪೆನ್ ಡ್ರೈವಿಗೆ ನಕಲು ಮಾಡಿದ್ದು. ಪೆನ್ ಡ್ರೈವಿನಿಂದಲೇ ಒಂದೊಂದು ಪದವನ್ನೂ ತುಸು ಹಚ್ಚಿ ಕೇಳಿ ಖಾತ್ರಿ ಮಾಡಿಕೊಂಡಳು. ಇಂದೋ ನಾಳೆಯೋ ಕೆಡುವಂತಿರುವ ಕಂಪ್ಯೂಟರಿನ ಮುಂದೆ ಕುಳಿತಾಗ ಬೇರೆ ಯಾವ ರಿಪೇರಿಗೂ ಮೊದಲು ಮಾಡಬೇಕಾದದ್ದು ಇದೇ.

“ಇವರಿಗೆ ಎಷ್ಟು ಹೇಳಿದ್ರೂ ಅಷ್ಟ,” ಎಂದಳು ಜಯಮಾಲಾ. “ಬಿಸಿ ತಟ್ಟದ ಹೊರ್ತು ತಿಳಿಯೂದಿಲ್ಲ.”

ಗೋಡೆಗೆ ಒರಗಿ ಕುಳಿತಿದ್ದ ಕಸ್ತೂರೆವ್ವ ಬೆರಳು ಮಡಚಿ ಸುಜಾತಾಳನ್ನು ಕರೆದಳು. ಕಿವಿಯಲ್ಲಿ ಪಿಸುಗುಟ್ಟಿದಳು: “ಅದನ್ನ ಅವಗ ಕಾಣದಂಗ ಮಾಡು. ಏನ್ ಮಾಡ್ತಾನ ನೋಡೂಣು.”

“ಆಯೀ, ಮಗ ಗಾಬರಿ ಆಗ್ತಾನಲ್ರಿ?”

“ಆಗ್ಲಿ. ಹಡದಾಕಿ ನಾ ಇದೇನಿ, ನೋಡ್ಕೋತೇನಿ.”

ಸುಜಾತಾ ಫೋಲ್ಡರನ್ನು ಅಳಿಸಲಿಲ್ಲ, ಪರದೆಯ ಮೇಲೆ ಕಾಣದಂತೆ ಮರೆಮಾಡಿದಳು ಅಷ್ಟೇ. ಪೆನ್ ಡ್ರೈವು ಕಸ್ತೂರೆವ್ವನ ಎಲೆ ಅಡಿಕೆ ಸಂಚಿ ಸೇರಿತು.

ಸಿದ್ದಾರೂಢ ಒಳಗೆ ಬಂದ.

“ಅಣ್ಣಾ, ‘ಅವ್ವನ ಪದ’ ಕಾಣವಲ್ದು ನೋಡ್ರಿ.”

ಅವನು ಬಗ್ಗಿ ನೋಡಿದ. ಫೋಲ್ಡರ್ ಇದ್ದ ಜಾಗ ಖಾಲಿ. ಆದರೂ ಮುಖ ಬಾಡಲಿಲ್ಲ. “ನೋಡಿದ್ಯಾ? ಇದಕ್ಕ ನಾ ಡಿಸ್ಕ್ ತಂದಿಟ್ಟಿದ್ದು,” ಎಂದವನೇ ಕೈಕಾಲು ತೊಳೆದು, ಕೆಂಪು ಗಂಟನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಬಿಚ್ಚಿದರೆ ಕರಿ ಡಿಸ್ಕು ನೋಡಲು ಸಿಗಲಿಲ್ಲ, ಮೈತುಂಬ ಕುಂಕುಮ.

ತಂತಿ ಜೋಡಿಸಿದರು. ದೀಪ ಹತ್ತಲಿಲ್ಲ.

ಸುಜಾತಾ ತಂತಿ ಬಿಚ್ಚಿ ಡಿಸ್ಕಿನ ಬಾಯಿ ನೋಡಿದಳು. “ಅಣ್ಣಾ, ಇದರ ಬಾಯಾಗ ಕುಂಕುಮ ತುಂಬೈತ್ರಿ. ಉಸರ ಹ್ಯಾಂಗಾಡಬೇಕು?” ಒಣ ಬ್ರಶ್ಶಿನಿಂದ ಮೆಲ್ಲಗೆ ಉದುರಿಸಿದಳು. ನೀರು ಹಚ್ಚಲಿಲ್ಲ, ಪಿನ್ನು ಚುಚ್ಚಲಿಲ್ಲ. ತಂತಿಯನ್ನು ಕಂಪ್ಯೂಟರಿನ ಇನ್ನೊಂದು ಪೋರ್ಟಿಗೆ ಹಾಕಿದಳು. ದೀಪ ಮಿಣಕ್ ಎಂದಿತು.

“ನೋಡ್ರಿ, ಡಿಸ್ಕ್ ಕಾಣಲಿಲ್ಲ ಅಂದ್ರ ಸತ್ತಂಗಲ್ಲ. ಮೊದಲ ತಂತಿ ನೋಡಬೇಕು, ಆಮ್ಯಾಲ ಬಾಯಿ, ಆಮ್ಯಾಲ ಬ್ಯಾರೆ ಪೋರ್ಟಿಗೆ ಹಾಕಿ ನೋಡಬೇಕು.”

“ಪಾಠ ಇರಲಿ. ಪದ ತೆಗಿ,” ಎಂದು ಸಿದ್ದಾರೂಢ ಕುರ್ಚಿ ಎಳೆದು ಕುಳಿತ.

ಡಿಸ್ಕಿನೊಳಗೆ ಒಂದೇ ಒಂದು ತಾರೀಕಿನ ಬ್ಯಾಕಪ್ ಇತ್ತು, ಇಂಡಿ ಪಟ್ಟಣದ ಅಂಗಡಿಯಲ್ಲಿ ಜೋಡಿಸಿದ ದಿನದ್ದು. ಅದರಲ್ಲಿ ಗ್ಯಾಸ್ ಸಿಲಿಂಡರಿನ ರಸೀದಿ ಇತ್ತು. ಸೂರ್ಯೋದಯದ ಮೇಲೆ ‘ಶುಭೋದಯ’ ಎಂದು ಬರೆದ ಚಿತ್ರಗಳಿದ್ದವು. ಪದ ಒಂದೂ ಇರಲಿಲ್ಲ.

“ಅವತ್ತು ಪದ ಇದ್ದವಲ್ಲ! ಡಿಸ್ಕ್ ತರೂಕಿಂತ ಮೊದಲ ಹಾಕಿದ್ನಲ್ಲ!”

“ಇದ್ದವ್ರಿ. ಆದ್ರ ಡಿ ಡ್ರೈವಿನ್ಯಾಗ ಇದ್ದವು. ಬ್ಯಾಕಪ್ ಅಲ್ಲಿಗೆ ಹೋಗೇ ಇಲ್ಲ.”

ಸಿದ್ದಾರೂಢ ಕುರ್ಚಿಯಿಂದ ಜಾರಿ ನೆಲಕ್ಕೆ ಬಂದ, ಅವ್ವನ ಕಾಲ ಬಳಿ.

“ಅಕ್ಕಗ ಏನ್ ಹೇಳ್ಲಿ?” ಎಂದ. ಆಮೇಲೆ ತಾಯಿಯ ಮುಖ ನೋಡದೆ, “ಅವ್ವಾ, ಇದ್ದದ್ದೊಂದ ದನಿ ನನ್ನ ಕೈಯಾಗ ಕೊಟ್ಟಿದ್ದಿ. ಅದನ್ನೂ ಕಳಕೊಂಡ್ನಲ್ಲಬೇ,” ಎಂದ.

ಇಷ್ಟು ಹೊತ್ತು ತುಟಿ ಬಿಗಿಹಿಡಿದಿದ್ದ ಕಸ್ತೂರೆವ್ವನಿಗೆ ತಡೆಯಲಾಗಲಿಲ್ಲ. ಸಂಚಿಯಿಂದ ಪೆನ್ ಡ್ರೈವ್ ತೆಗೆದು, ಅಂಟಿದ್ದ ಅಡಿಕೆ ಚೂರು ಒರೆಸಿ, ಮಗನ ಅಂಗೈಯಲ್ಲಿಟ್ಟಳು. ಸುಜಾತಾ ಅದನ್ನು ಜೋಡಿಸಿ ಹಚ್ಚಿದಳು. ಪಡಸಾಲೆ ತುಂಬ ಹಳೆಯ ಕಸ್ತೂರೆವ್ವನ ತುಂಬು ದನಿ ಎದ್ದಿತು.

ಪದ ಮುಗಿಯುವ ತನಕ ಸಿದ್ದಾರೂಢ ಕದಲಲಿಲ್ಲ. ಮುಗಿದ ಮೇಲೆ, “ಯಾರ ಕೆಲಸ ಇದು?” ಎಂದ. ಜಯಮಾಲಾ ಸುಜಾತಾಳನ್ನು ನೋಡಿದಳು. ಸುಜಾತಾ ಕಸ್ತೂರೆವ್ವನನ್ನು ನೋಡಿದಳು. ಕಸ್ತೂರೆವ್ವ ಜಂತಿ ನೋಡಿದಳು.

“ನಗೂದು ಆಮ್ಯಾಲಿರಲಿ,” ಎಂದ ಅವನು ಕಣ್ಣೊರೆಸಿಕೊಂಡು. “ಮೊದಲ ಇದನ್ನ ಸರಿ ಮಾಡು ತಂಗಿ. ನನಗ ತಿಳಿಯೂ ಹಂಗ ಹೇಳು.”

ಸುಜಾತಾ ಮೂಗು ಹಿಡಿದು ಬಸ್ ನಿಲ್ದಾಣದ ಮೈಕ್ ಆದಳು: “ಪ್ರಯಾಣಿಕರ ಗಮನಕ್ಕೆ! ಬ್ಯಾಕಪ್ ಬಸ್ಸು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್ ನಿಲ್ದಾಣಗಳಲ್ಲಿ ಮಾತ್ರ ನಿಲ್ಲುವುದು. ಡಿ ಡ್ರೈವಿನಲ್ಲಿ ನಿಂತು ಕೈ ಮಾಡುವವರನ್ನು ಹತ್ತಿಸಿಕೊಳ್ಳಲಾಗುವುದಿಲ್ಲ!”

“ನಮ್ಮ ಗೊಳಸಂಗ್ಯಾಗ ನಿಂತು ತಡೆರಹಿತ ಬಸ್ಸಿಗೆ ಕೈ ಮಾಡಿದಂಗಾತು,” ಎಂದಳು ಜಯಮಾಲಾ. ಗೊಳಸಂಗಿ ಅವಳ ತವರು.

“ಸಿ ಹೋದ್ರೂ ಡಿ ಉಳೀತೈತಿ, ಎಲ್ಲಾ ಡಿ ಒಳಗ ಇಡ್ರಿ ಅಂತ ಅಂಗಡ್ಯಾಂವ ಹೇಳಿದ್ನಲ್ಲ?” ಎಂದ ಸಿದ್ದಾರೂಢ.

“ಸಿ ಒಂದನ್ನ ಅಳಸಿ ಹೊಸದಾಗಿ ತುಂಬೂ ಹೊತ್ತಿಗೆ ಆ ಮಾತು ಖರೇರಿ. ಆದ್ರ ಸಿ, ಡಿ ಎರಡೂ ಒಳಗಿನ ಒಂದ ಡಿಸ್ಕಿನ್ಯಾವು, ಒಂದ ಹೊಲದ ಪಟ್ಟಿ ಇದ್ದಂಗ. ನಡುವ ಬದು ಹಾಕ್ಯಾರ ಅಷ್ಟ. ಕಾಲುವಿ ನೀರು ನುಗ್ಗಿದ್ರ ಬದು ನೋಡಿ ನಿಲ್ತೈತೇನ್ರಿ? ಈಗ ಕಟಕಟ ಅನ್ನೂದು ಆ ಹೊಲಾನ.”

ಸುಜಾತಾ ಮರೆಮಾಡಿದ ಫೋಲ್ಡರನ್ನು ಮತ್ತೆ ಕಾಣಿಸಿದಳು. ಅದನ್ನು ‘ಮ್ಯೂಸಿಕ್’ ಒಳಗೆ ನಕಲು ಮಾಡಿದಳು. ಕೆಲವು ಕಂಪ್ಯೂಟರುಗಳಲ್ಲಿ ಬ್ಯಾಕಪ್ ಸೆಟ್ಟಿಂಗಿಗೆ ಹೋಗಿ ನಮಗೆ ಬೇಕಾದ ಫೋಲ್ಡರನ್ನೇ ಸೇರಿಸಬಹುದು, ಕೆಲವು ಬಿಡುವುದಿಲ್ಲ. ಹೀಗೆ ಬಸ್ಸು ನಿಲ್ಲುವ ಕಡೆಗೇ ಒಯ್ದು ನಿಲ್ಲಿಸಿದರೆ ಎರಡರಲ್ಲೂ ನಡೆಯುತ್ತದೆ. ಡಿಸ್ಕಿನಲ್ಲಿ ಜಾಗ ಇದೆಯೇ ಎಂದು ನೋಡಿ, ‘ಈಗಲೇ ಬ್ಯಾಕಪ್ ಮಾಡು’ ಎಂಬುದನ್ನು ಒತ್ತಿದಳು. ಚಹಾ ಕುಡಿಯುವಷ್ಟರಲ್ಲಿ ಕೆಲಸ ಮುಗಿದು, ‘ಕೊನೆಯ ಬ್ಯಾಕಪ್’ ಎಂಬಲ್ಲಿ ಅಂದಿನ ತಾರೀಕು ಬಂತು.

“ಆತಲ್ಲ?” ಎಂದ ಸಿದ್ದಾರೂಢ.

“ಆತು ಅಂತ ಕಂಪ್ಯೂಟರ್ ಹೇಳಿದ್ರ ಸಾಲದ್ರಿ. ತಿರುಗಿ ಬರ್ತೈತಿ ಅಂತ ನಾವು ನೋಡಬೇಕು. ‘ಮ್ಯೂಸಿಕ್’ ಒಳಗಿನ ಒಂದು ಪದ ಅಳಸ್ರಿ.”

“ಬ್ಯಾಡವಾ. ನನ್ನ ಕೈಲೆ ಆಗೂದಿಲ್ಲ.”

ಕಸ್ತೂರೆವ್ವ ಎದ್ದು ಬಂದಳು. ಯಾವ ಗುಂಡಿ ಎಂದು ಕೇಳಿ, ತನ್ನ ಪದವನ್ನು ತಾನೇ ಅಳಿಸಿದಳು. ಸುಜಾತಾ ಬ್ಯಾಕಪ್ ತೆರೆದು ಆ ಪದ ತೋರಿಸಿದಳು. ಈ ಸಲ ಸಿದ್ದಾರೂಢನೇ ‘ಮರಳಿಸು’ ಎಂಬುದನ್ನು ಒತ್ತಿದ. ಪದ ಮರಳಿ ಬಂತು. ಹಚ್ಚಿದರೆ ಸ್ವಚ್ಛವಾಗಿ ಹಾಡಿತು.

ಅಂದಿನಿಂದ ಆ ಮನೆಯಲ್ಲಿ ಸೋಮವಾರದ ಪೂಜೆ ಆದ ಮೇಲೆ ಡಿಸ್ಕು ಜಗಲಿ ಇಳಿದು ಬರುತ್ತದೆ, ಜೋಡಣೆಯಾಗುತ್ತದೆ, ತಾರೀಕು ನೋಡಿಸಿಕೊಂಡು ಮತ್ತೆ ಜಗಲಿ ಏರುತ್ತದೆ. ಕಟಕಟ ಎನ್ನುತ್ತಿದ್ದ ಒಳಗಿನ ಡಿಸ್ಕನ್ನು ಬದಲಿಸಿದ್ದಾರೆ. ಪದಗಳ ಇನ್ನೊಂದು ನಕಲು ಬಸವನ ಬಾಗೇವಾಡಿಯಲ್ಲಿ ಸುನಂದಾಳ ಮನೆಯಲ್ಲಿದೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ಮತ್ತೆ ಸಿಗದ ಏನೋ ಒಂದು ಇದ್ದೇ ಇರುತ್ತದೆ: ತೀರಿಕೊಂಡವರ ಫೋಟೊ, ಹೊಲದ ಕಾಗದ, ಮಕ್ಕಳ ಮೊದಲ ಮಾತು. ಈ ಓದು ಮುಗಿಸಿ ಎದ್ದ ಕೂಡಲೆ ಬ್ಯಾಕಪ್ ತೆರೆಯಿರಿ. ಕೊನೆಯ ತಾರೀಕು ಯಾವುದು, ಡಿಸ್ಕು ಕಾಣುತ್ತಿದೆಯೇ, ಅದರಲ್ಲಿ ಜಾಗ ಇದೆಯೇ, ನಿಮಗೆ ಬೇಕಾದ ಫೋಲ್ಡರ್ ಬಸ್ಸು ಹತ್ತಿದೆಯೇ ನೋಡಿ. ಮೂಲೆಯಲ್ಲಿ ಬರುವ ಸೂಚನೆಯನ್ನು ಓದಿ, ಆಮೇಲೆ ಮುಚ್ಚಿ. ಒಂದು ಫೈಲನ್ನಾದರೂ ತಿರುಗಿ ತಂದು ನೋಡಿ. ತಿಳಿಯದಿದ್ದರೆ ತಿಳಿದವರನ್ನು ಚಹಾಕ್ಕೆ ಕರೆಯಿರಿ, ನಾಚಿಕೆ ಬೇಡ.

ಸಿದ್ದಾರೂಢನಿಗಂತೂ ನಾಚಿಕೆ ಉಳಿದಿಲ್ಲ. ಅರಿಷಿಣದ ದಿನ ಸುನಂದಾಳ ಅಂಗಳದಲ್ಲಿ ಸ್ಪೀಕರಿನಿಂದ ಕಸ್ತೂರೆವ್ವನ ದನಿ ಸಿಂದಗಿಯಿಂದ ಬಂದ ಗಂಡಿನ ಕಡೆಯ ಬೀಗರನ್ನು ಒಬ್ಬೊಬ್ಬರನ್ನೇ ಹಿಡಿದು ಕಾಡುತ್ತಿತ್ತು. ಕಸ್ತೂರೆವ್ವ ಮುಂದೆಯೇ ಕುಳಿತು ತುಟಿ ಆಡಿಸುತ್ತಿದ್ದಳು. ಬೀಗ ಶ್ರೀಶೈಲಪ್ಪ ಬೆರಗಾಗಿ ಕೇಳಿದ: “ಇಷ್ಟು ಚಂದ ಹ್ಯಾಂಗ ಉಳಿಸಿಕೊಂಡ್ರಿ ಇವನ್ನ?”

“ಉಳಿಸಿಕೊಂಡದ್ದಲ್ರೀ, ಕಳಕೊಂಡು ಕಲತದ್ದು,” ಎಂದು ಸಿದ್ದಾರೂಢ ಶುರು ಮಾಡಿದ. ಡಿಸ್ಕು ಹೇಗೆ ಹೊತ್ತು ತಂದ, ಕುರ್ಚಿಯಿಂದ ಹೇಗೆ ಜಾರಿದ, ಅಳುವಾಗ ತನ್ನ ಮುಖ ಹೇಗಿತ್ತು, ಎಲ್ಲವನ್ನೂ ಎದ್ದು ನಿಂತು ಮಾಡಿ ತೋರಿಸಿದ. ಸುಜಾತಾ ಕೂಡ ಅಷ್ಟು ಚೆನ್ನಾಗಿ ಅವನನ್ನು ಅನುಕರಿಸಿರಲಿಲ್ಲ. ಅಂಗಳವೆಲ್ಲ ನಕ್ಕಿತು, ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ.

ಕಸ್ತೂರೆವ್ವ ಮಗನ ಅಂಗಿ ಜಗ್ಗಿ, ಕಿವಿಯಲ್ಲಿ ಪಿಸುಗುಟ್ಟಿದಳು: “ಸುಮ್ನಿರೋ, ನನ್ನ ದನಿ ಕೇಳಿಸಗೊಡವಲ್ಲಿ!”

ಅವನು ಇನ್ನೂ ಜೋರಾಗಿ ನಕ್ಕ.